ವಿರಾಮಕಾಲದ ಕಲೆಯಾಗಿ ಕ್ರೋಶಾ ಹೆಣಿಗೆ

ದುಡಿಮೆಯಿಂದ ದಣಿದ ದೇಹಕ್ಕೆ ನಿದ್ರೆ ಬೇಕಾಗುವಂತೆ ಚಿಂತೆಯಿಂದ ದಣಿದ ಮನಸ್ಸಿಗೂ ವಿಶ್ರಾಂತಿ ಬೇಕು. ಆದರೆ ಸುಮ್ಮನೆ ಕುಳಿತ ಮಾತ್ರಕ್ಕೆ ಮನಸ್ಸು ವಿಶ್ರಮಿಸುವುದಿಲ್ಲ. ಕೆಲಸವಿಲ್ಲದ ಮನಸ್ಸು ಹಳೆಯ ಚಿಂತೆಗಳನ್ನೇ ಮೆಲುಕು ಹಾಕುತ್ತಿರುತ್ತದೆ. ಕೈಗೆ ಹಿತಮಿತವಾದ ಕೆಲಸವನ್ನೂ, ಕಣ್ಣಿಗೆ ಒಂದು ಗುರಿಯನ್ನೂ, ಬುದ್ಧಿಗೆ ಸಣ್ಣದೊಂದು ಲೆಕ್ಕವನ್ನೂ ಒಮ್ಮೆಗೇ ಒದಗಿಸಬಲ್ಲ ಹವ್ಯಾಸಗಳು ಈ ದೃಷ್ಟಿಯಿಂದ ಅಮೂಲ್ಯವಾದವು. ಅಂಥವುಗಳಲ್ಲಿ ಕ್ರೋಶಾ ಹೆಣಿಗೆಯೂ ಒಂದು. ಸೀರೆಯ ಸೆರಗಿನ ಕುಚ್ಚು, ಬಾಗಿಲ ತೋರಣ, ಮೇಜಿನ ಮೇಲ್ಹಾಸು ಮೊದಲಾದ ರೂಪಗಳಲ್ಲಿ ಇದು ಕನ್ನಡ ನಾಡಿನ ಮನೆಗಳಿಗೆ ಚಿರಪರಿಚಿತ. ಹೀಗೆ ಪರಿಚಿತವಾದ ಕಾರಣದಿಂದಲೇ ಇದನ್ನು ಬರಿಯ ಹೊತ್ತು ಕಳೆಯುವ ಕೆಲಸವೆಂದು ಎಣಿಸುವವರು ಹಲವರು. ಆ ಎಣಿಕೆ ಎಷ್ಟರಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾಗಿದೆ.

ಹೆಣಿಗೆಯ ಸ್ವರೂಪ

'ಕ್ರೋಶಾ' ಎಂಬುದು ಫ್ರೆಂಚ್ ಭಾಷೆಯ 'ಕ್ರೋಶೆ' ಎಂಬ ಪದದಿಂದ ಬಂದುದು. ಚಿಕ್ಕ ಕೊಕ್ಕೆ ಎಂದು ಅದರ ಅರ್ಥ. ಎರಡು ಕಡ್ಡಿಗಳ ಉಣ್ಣೆಯ ಹೆಣಿಗೆಯಲ್ಲಿ ಹತ್ತಾರು ಕುಣಿಕೆಗಳು ಏಕಕಾಲಕ್ಕೆ ಕಡ್ಡಿಯ ಮೇಲಿರುತ್ತವೆ. ಒಂದು ಜಾರಿದರೂ ಅದರ ಕೆಳಗಿನ ಸಾಲುಗಳು ಬಿಚ್ಚತೊಡಗುತ್ತವೆ. ಕ್ರೋಶಾದಲ್ಲಿ ಸಾಮಾನ್ಯವಾಗಿ ಒಂದು ಹೊಲಿಗೆ ಮುಗಿದಾಗ ಕೊಕ್ಕೆಯ ಮೇಲೆ ಉಳಿಯುವುದು ಒಂದೇ ಕುಣಿಕೆ. ತಪ್ಪಾದರೆ ಕೊಕ್ಕೆಯನ್ನು ತೆಗೆದು ನೂಲನ್ನೆಳೆದು, ತಪ್ಪಿದ ಸ್ಥಳದವರೆಗೆ ಬಿಚ್ಚಿ, ಅದೇ ನೂಲಿನಿಂದ ಪುನಃ ಹೆಣೆಯಬಹುದು. ಕಲಿಯುವವರ ಅಂಜಿಕೆಯನ್ನು ನಿವಾರಿಸುವ ಗುಣ ಇದು.

ಇದರ ಮೂಲಪಾಠಗಳು ಕೆಲವೇ. ಕುಣಿಕೆಯೊಳಗಿಂದ ಕುಣಿಕೆಯನ್ನು ಎಳೆಯುತ್ತ ಹೋದರೆ ಸರಪಳಿ; ಸರಪಳಿಯ ಮೇಲೆ ನಿಲ್ಲಿಸುವ ಗಿಡ್ಡ ಕಂಬ ಮತ್ತು ಉದ್ದ ಕಂಬ. ಅಲಂಕಾರವೆಲ್ಲ ಇವುಗಳ ಜೋಡಣೆಯಿಂದಲೇ ಹುಟ್ಟುತ್ತದೆ. ಒಂದೇ ರಂಧ್ರದಲ್ಲಿ ಐದಾರು ಉದ್ದ ಕಂಬಗಳನ್ನು ನಿಲ್ಲಿಸಿದರೆ ಚಿಪ್ಪಿನ ಆಕಾರ ಮೂಡುತ್ತದೆ. ಮೂರು ಸರಪಳಿ ಹಾಕಿ ಬುಡಕ್ಕೇ ಬಿಗಿದರೆ ಅಂಚಿನಲ್ಲಿ ಮಣಿಯಂಥ ಮೊನೆ ಏಳುತ್ತದೆ.

ಎಣಿಕೆಯಲ್ಲಿ ಅಡಗಿದ ಗಣಿತ

ಸಮತಟ್ಟಾದ ವೃತ್ತವನ್ನು ಹೆಣೆಯುವ ಪಾಠ ವಿಶೇಷ ಗಮನಕ್ಕೆ ಅರ್ಹವಾದುದು. ಗಿಡ್ಡ ಕಂಬಗಳಲ್ಲಿ ಹೆಣೆಯುವಾಗ ಮೊದಲ ಸುತ್ತಿನಲ್ಲಿ 6, ಎರಡನೆಯದರಲ್ಲಿ 12, ಮೂರನೆಯದರಲ್ಲಿ 18, ಹೀಗೆ ಪ್ರತಿ ಸುತ್ತಿಗೂ ಆರಾರು ಹೆಚ್ಚಿಸಬೇಕೆಂಬುದು ರೂಢಿಯ ನಿಯಮ. ಗಿಡ್ಡ ಕಂಬದ ಎತ್ತರವೂ ಅಗಲವೂ ಸುಮಾರಾಗಿ ಸಮ. ಆದುದರಿಂದ ಸುತ್ತೊಂದಕ್ಕೆ ತ್ರಿಜ್ಯ ಒಂದು ಹೊಲಿಗೆಯಷ್ಟು ಬೆಳೆದರೆ, ಪರಿಧಿ ಅದರ 6.28ರಷ್ಟು ಬೆಳೆಯಬೇಕು, ಆರು ಎಂಬ ಸಂಖ್ಯೆ ಬಂದುದು ಅಲ್ಲಿಂದ. ಆರಕ್ಕಿಂತ ಕಡಿಮೆ ಹೆಚ್ಚಿಸಿದರೆ ಹೆಣಿಗೆ ಬಟ್ಟಲಾಗುತ್ತದೆ; ಮಿತಿಮೀರಿ ಹೆಚ್ಚಿಸಿದರೆ ಅಂಚು ನಿರಿಗೆಗಟ್ಟುತ್ತದೆ. ಈ ನಿರಿಗೆಯನ್ನೇ ಉಪಯೋಗಿಸಿಕೊಂಡು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ ಅವರು 1997ರಲ್ಲಿ, ಯೂಕ್ಲಿಡ್‌ನ ಜ್ಯಾಮಿತಿಗೆ ಒಳಪಡದ ಅತಿಪರವಲಯ ಸಮತಲವನ್ನು ಕ್ರೋಶಾದಲ್ಲಿ ಹೆಣೆದು, ವಿದ್ಯಾರ್ಥಿಗಳು ಕೈಯಿಂದ ಮುಟ್ಟಿ ತಿಳಿಯುವಂತೆ ಮಾಡಿದರು.

ತನ್ಮಯತೆಯ ಕಾರಣ

ಮನಶ್ಶಾಸ್ತ್ರಜ್ಞ ಮಿಹಾಯ್ ಚಿಕ್‌ಸೆಂಟ್‌ಮಿಹಾಯ್ ಅವರು, ಗುರಿ ಸ್ಪಷ್ಟವಾಗಿದ್ದು, ಮಾಡಿದುದರ ಫಲ ಕೂಡಲೇ ಕಾಣುವಂತಿದ್ದು, ಕೆಲಸದ ಕಷ್ಟವೂ ಮಾಡುವವರ ನೈಪುಣ್ಯವೂ ಸರಿದೂಗಿದಾಗ ಮನುಷ್ಯ ಕಾಲದ ಪರಿವೆಯನ್ನೇ ಮರೆಯುತ್ತಾನೆಂದು ವಿವರಿಸಿದ್ದಾರೆ. ಕ್ರೋಶಾದಲ್ಲಿ ಈ ಮೂರೂ ಕೂಡಿಬರುತ್ತವೆ. 2020ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧಕರ ಸಮೀಕ್ಷೆಯೊಂದಕ್ಕೆ ಉತ್ತರಿಸಿದ 8,000ಕ್ಕೂ ಹೆಚ್ಚು ಹೆಣಿಗೆಗಾರರಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಇದರಿಂದ ಮನಸ್ಸು ಶಾಂತವಾಗುತ್ತದೆಂದು ಹೇಳಿದರು. ಉತ್ತರಿಸಿದವರು ಸ್ವಇಚ್ಛೆಯಿಂದ ಹೆಣೆಯುವವರೇ ಆಗಿದ್ದುದರಿಂದ ಇದನ್ನು ಸರ್ವರಿಗೂ ಅನ್ವಯಿಸಲಾಗದು. ಆದರೆ 'ಸ್ವಇಚ್ಛೆ' ಎಂಬ ಆ ಮಾತಿನಲ್ಲಿಯೇ ವಿಷಯದ ತಿರುಳಿದೆ. ಇಚ್ಛೆಗಿಂತ ಅಗತ್ಯವೇ ಮುಂದಾದ ಕಡೆ ಇದೇ ಹೆಣಿಗೆಗೆ ಬೇರೊಂದು ಚರಿತ್ರೆಯಿದೆ.

ಹಸಿವು ಮತ್ತು ಹೆಣಿಗೆ

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆ ಬೆಳೆ ರೋಗಕ್ಕೆ ತುತ್ತಾಗಿ ಘೋರ ಕ್ಷಾಮ ತಲೆದೋರಿತು. ಆ ಕಾಲದಲ್ಲಿ ಕಾರ್ಕ್ ಪ್ರದೇಶದ ಸಂನ್ಯಾಸಿನಿಯರೂ, ಕ್ಲೋನ್ಸ್ ಊರಿನಲ್ಲಿ 1847ರಿಂದ ಕಸಾಂಡ್ರಾ ಹ್ಯಾಂಡ್ ಎಂಬ ಮಹಿಳೆಯೂ ಬಡ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಲು ಮುಂದಾದರು. ಸೂಜಿಯ ಲೇಸಿಗಿಂತ ಬೇಗ ಸಿದ್ಧವಾಗುತ್ತಿದ್ದ ಈ ಲೇಸಿನ ಮಾರಾಟದಿಂದ ಅನೇಕ ಕುಟುಂಬಗಳು ಅನ್ನ ಕಂಡವು.

ಆಂಧ್ರಪ್ರದೇಶದ ಪಶ್ಚಿಮ ಗೋದಾವರಿ ಜಿಲ್ಲೆಯ ನರಸಾಪುರಕ್ಕೂ ಈ ಕಲೆ ಬಂದುದು 19ನೆಯ ಶತಮಾನದ ಮಿಷನರಿಗಳ ಮೂಲಕವೇ. ಅಲ್ಲಿ ವ್ಯಾಪಾರಿಗಳು ದಲ್ಲಾಳಿಗಳ ಮೂಲಕ ಮನೆಮನೆಗೆ ನೂಲು ಕೊಟ್ಟು, ಹೆಣೆದುದನ್ನು ಸಂಗ್ರಹಿಸಿ ವಿದೇಶಗಳಿಗೆ ಕಳುಹಿಸುವ ಪದ್ಧತಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮರಿಯಾ ಮೀಸ್ ಅವರು 1982ರಲ್ಲಿ ಪ್ರಕಟಿಸಿದ ಅಧ್ಯಯನ ಕಣ್ತೆರೆಸುವಂಥದು. ದಿನಕ್ಕೆ ಆರೆಂಟು ಗಂಟೆ ಹೆಣೆಯುತ್ತಿದ್ದ ಆ ಸ್ತ್ರೀಯರನ್ನು ಯಾರೂ ಕಾರ್ಮಿಕರೆಂದು ಪರಿಗಣಿಸುತ್ತಿರಲಿಲ್ಲ. ಅವರು ಗೃಹಿಣಿಯರು, ಅದು ಅವರ ಬಿಡುವಿನ ಕೆಲಸ ಎಂಬ ಭಾವನೆಯೇ ಅವರ ಕೂಲಿಯನ್ನು ಅತ್ಯಲ್ಪವಾಗಿ ಉಳಿಸಿತ್ತು. ನರಸಾಪುರದ ಕ್ರೋಶಾ ಲೇಸಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಊರಿನ ಹೆಸರಿಗೆ ಸಂದ ಈ ಗೌರವ ಹೆಣೆಯುವ ಕೈಗಳಿಗೂ ಸಲ್ಲಬೇಕಾದುದು ನ್ಯಾಯ.

ಶಾಲೆಯ ಕರ್ತವ್ಯ

ಒಬ್ಬರಿಗೆ ವಿಶ್ರಾಂತಿಯಾದ ಕೆಲಸ ಮತ್ತೊಬ್ಬರಿಗೆ ದಣಿವಾಗಬಹುದು. ಯಾವಾಗ ಆರಂಭಿಸಬೇಕು, ಯಾವಾಗ ಬಿಚ್ಚಬೇಕು, ಎಲ್ಲಿ ನಿಲ್ಲಿಸಬೇಕು ಎಂಬ ಸ್ವಾತಂತ್ರ್ಯ ಹೆಣೆಯುವವರ ಕೈಯಲ್ಲಿರುವವರೆಗೆ ಮಾತ್ರ ಅದು ಹವ್ಯಾಸ. ಶಾಲೆಗಳಲ್ಲಿ ಈ ಕಲೆಯನ್ನು ಬಾಲಕ ಬಾಲಕಿಯರಿಬ್ಬರಿಗೂ ಕಲಿಸಬಹುದು. ಅಗತ್ಯವಾದ ಸಾಮಗ್ರಿ ಒಂದು ಕೊಕ್ಕೆ, ಒಂದು ಉಂಡೆ ನೂಲು. ತಪ್ಪನ್ನು ತಿದ್ದಿಕೊಳ್ಳುವ ತಾಳ್ಮೆ, ಎಣಿಕೆಯ ನಿಷ್ಠೆ, ಏಕಾಗ್ರತೆ ಇವು ಅದರ ಪ್ರತ್ಯಕ್ಷ ಫಲಗಳು. ಒಂದು ಅಂಗೈಯಗಲದ ವೃತ್ತಕ್ಕೆ ಎಷ್ಟು ಹೊಲಿಗೆ, ಎಷ್ಟು ಹೊತ್ತು ಹಿಡಿಯಿತೆಂದು ವಿದ್ಯಾರ್ಥಿಯೇ ಲೆಕ್ಕವಿಡುವಂತೆ ಮಾಡಿದರೆ ಮತ್ತೊಂದು ಫಲವೂ ದೊರೆಯುತ್ತದೆ. ಹಾಗೆ ಲೆಕ್ಕವಿಟ್ಟವರು ಸೆರಗಿಗೆ ಕುಚ್ಚು ಕಟ್ಟಿದ ಕೈಗೆ ಕೂಲಿ ಕೊಡುವಾಗ ಚೌಕಾಶಿ ಮಾಡಲಾರರು.