ಅರವತ್ತಕ್ಕೆ ಅರಳು ಮರಳೇ? – ಮರೆವಿನ ಕಾಯಿಲೆಯ ಬಗ್ಗೆ ವೈದ್ಯರು ಮತ್ತೆ ಕಲಿಯುತ್ತಿರುವುದು

ಕಳೆದ ಸಂಚಿಕೆಯಲ್ಲಿ ಅಡಿಕೆಯ ಮಹಾಳಿ ರೋಗದ ಬಗ್ಗೆ, ಬೋರ್ಡೋ ದ್ರಾವಣ ತಯಾರಿಸುವಾಗ ಸುಣ್ಣ ಮತ್ತು ಮೈಲುತುತ್ತನ್ನು ಬೆರೆಸುವ ಕ್ರಮದ ಬಗ್ಗೆ ಬರೆದಿದ್ದೆವು. ಈ ಸಲ ತೋಟದಿಂದ ಮನೆಯ ಚಾವಡಿಗೆ ಬರೋಣ. ಅಲ್ಲಿ ಮೂಲೆಯ ಕುರ್ಚಿಯಲ್ಲಿ ಕುಳಿತ ಅಜ್ಜನನ್ನೋ ಅಜ್ಜಿಯನ್ನೋ ಕುರಿತು ತುಸು ಆಲೋಚಿಸುವುದಿದೆ.

ನಮಗೆ ಪರಿಚಯವಿರುವ ಒಂದು ಮನೆಯ ಸಂಗತಿಯಿಂದಲೇ ಆರಂಭಿಸುತ್ತೇವೆ. ಯಜಮಾನರಿಗೆ 76 ವರ್ಷ. ಮಳೆಗಾಲದಲ್ಲಿ ತೋಟದ ಕಣಿ ದಾಟುವಾಗ ಜಾರಿ ಬಿದ್ದರು. ತಲೆ ಅಡಿಕೆ ಮರಕ್ಕೆ ತಾಗಿತು. ರಕ್ತ ಬರಲಿಲ್ಲ, ಎದ್ದು ಬಂದು ಗಂಜಿ ಉಂಡು ಮಲಗಿದರು. ಎಲ್ಲರೂ ಅದನ್ನು ಮರೆತರು. ಮೂರು ವಾರ ಕಳೆದ ಮೇಲೆ ಅವರು ಹಗಲಲ್ಲೇ ತೂಕಡಿಸತೊಡಗಿದರು. ಕೂಲಿಯವರ ಲೆಕ್ಕ ತಪ್ಪಿತು. ಹಟ್ಟಿಗೆಂದು ಹೊರಟವರು ಅಂಗಳದಲ್ಲಿ ನಿಂತು, ತಾನು ಎಲ್ಲಿಗೆ ಹೊರಟದ್ದು ಎಂದು ಸೊಸೆಯನ್ನು ಕೇಳಿದರು. "ಪ್ರಾಯ ಆಯಿತಲ್ಲ" ಎಂದು ಮನೆಯವರು ಸಮಾಧಾನ ಮಾಡಿಕೊಂಡರು. ತೋರಿಸಿದ ಡಾಕ್ಟರರೂ ಅದನ್ನೇ ಹೇಳಿ ಶಕ್ತಿಯ ಮಾತ್ರೆ ಬರೆದುಕೊಟ್ಟರು.

ಮತ್ತೆ ಹತ್ತು ದಿನಗಳಲ್ಲಿ ಎಡಗಾಲು ಎಳೆಯಲು ಶುರುವಾಯಿತು. ಆಗ ಇನ್ನೊಬ್ಬ ವೈದ್ಯರಲ್ಲಿಗೆ ಕರೆದೊಯ್ದರು. ಅವರು ಕೇಳಿದ ಮೊದಲ ಪ್ರಶ್ನೆ, "ಅಜ್ಜ ಈಚೆಗೆ ಎಲ್ಲಾದರೂ ಬಿದ್ದಿದ್ದರೇ?" ದೊಡ್ಡವರು ಯಾರಿಗೂ ನೆನಪಿಲ್ಲ. ಎಂಟನೆಯ ತರಗತಿಯ ಮೊಮ್ಮಗಳು ಮಾತ್ರ "ಹೌದು ಡಾಕ್ಟ್ರೇ, ಕಣಿಯಲ್ಲಿ" ಎಂದಳು. ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ, ತಲೆಬುರುಡೆಯ ಒಳಗೆ ಮಿದುಳಿನ ಹೊದಿಕೆಯ ಕೆಳಗೆ ರಕ್ತ ನಿಧಾನವಾಗಿ ಸೇರಿ ಮಿದುಳನ್ನು ಒತ್ತುತ್ತಿತ್ತು. ಬುರುಡೆಗೆ ಸಣ್ಣ ರಂಧ್ರ ಕೊರೆದು ಅದನ್ನು ಹೊರತೆಗೆದರು. ಆ ವರ್ಷದ ಅಡಿಕೆ ಕೊಯ್ಲಿನ ಲೆಕ್ಕವನ್ನು ಬರೆದವರು ಅಜ್ಜನೇ.

ಆ ಪ್ರಶ್ನೆಯನ್ನು ಎಲ್ಲಿ ಕಲಿತಿರಿ ಎಂದು ನಾವು ಎರಡನೆಯ ವೈದ್ಯರನ್ನು ಕೇಳಿದೆವು. ಕಾಲೇಜಿನಲ್ಲಿ ಓದಿದ್ದು ಮರೆತೇಹೋಗಿತ್ತು, ಒಂದು ಭಾನುವಾರದ ತರಬೇತಿಯಲ್ಲಿ ಮತ್ತೆ ನೆನಪಾಯಿತು ಎಂದರು.

ಡಾಕ್ಟರರಿಗೂ ಪಾಠ

ವೈದ್ಯರ ಓದು ಪದವಿಯೊಂದಿಗೆ ಮುಗಿಯುವುದಿಲ್ಲ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳ ಪ್ರಕಾರ ಪ್ರತಿ ವೈದ್ಯರೂ ಐದು ವರ್ಷಗಳಲ್ಲಿ ಕನಿಷ್ಠ 30 ಗಂಟೆ ಮುಂದುವರಿಕೆಯ ಶಿಕ್ಷಣ ಪಡೆಯಬೇಕು. ಮರೆವಿನ ಕಾಯಿಲೆಯ, ಅಂದರೆ ಡಿಮೆನ್ಶಿಯಾದ ವಿಷಯದಲ್ಲಿ ಇದರ ಅಗತ್ಯ ಹೆಚ್ಚು. ಜರ್ಮನಿಯ ಅಲೋಯಿಸ್ ಆಲ್ಝೈಮರ್ ಎಂಬ ವೈದ್ಯರು 1906ರಲ್ಲೇ ಒಬ್ಬ ಹೆಂಗಸಿನ ಮಿದುಳನ್ನು ಪರೀಕ್ಷಿಸಿ ಈ ರೋಗವನ್ನು ವಿವರಿಸಿದ್ದರು. ಆದರೆ ಆಕೆ 51 ವರ್ಷದಲ್ಲೇ ಆಸ್ಪತ್ರೆ ಸೇರಿದ್ದವಳು. ಆದ್ದರಿಂದ ಇದು ನಡುಪ್ರಾಯದವರಿಗೆ ಬರುವ ಅಪರೂಪದ ರೋಗ, ಮುದುಕರ ಮರೆವು ಸಹಜ ಎಂಬ ತಿಳಿವಳಿಕೆ ಬಹಳ ಕಾಲ ಉಳಿಯಿತು. ಮುದುಕರಲ್ಲಿ ಕಾಣುವುದೂ ಅದೇ ರೋಗವೆಂದು ವೈದ್ಯಲೋಕ ಒಪ್ಪುತ್ತ ಬಂದದ್ದು 1970ರ ದಶಕದ ನಂತರ. ಈಗ ಹೆಚ್ಚಾಗಿ ಬಳಸುವ ಡೊನೆಪೆಜಿಲ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1996ರಲ್ಲಿ. ಅದಕ್ಕಿಂತ ಮೊದಲು ಪದವಿ ಪಡೆದವರಿಗೆ ಪುಸ್ತಕದಲ್ಲಿ ಅದು ಇರಲೇ ಇಲ್ಲ.

ರೋಗ ಅಪರೂಪವೂ ಅಲ್ಲ. 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ 60 ದಾಟಿದವರಲ್ಲಿ ಶೇಕಡಾ 7.4 ಮಂದಿಗೆ, ಅಂದರೆ ಸುಮಾರು 88 ಲಕ್ಷ ಜನರಿಗೆ ಡಿಮೆನ್ಶಿಯಾ ಇದೆ. ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಇಷ್ಟೊಂದು ಜನರಿಗೆ ನರರೋಗ ತಜ್ಞರು ಎಲ್ಲಿಂದ ಬರಬೇಕು? ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ತಜ್ಞರಲ್ಲದ ವೈದ್ಯರಿಗಾಗಿ ಹೊರತಂದ ಮಾರ್ಗದರ್ಶಿಯಲ್ಲಿ ಡಿಮೆನ್ಶಿಯಾಕ್ಕೂ ಒಂದು ಅಧ್ಯಾಯ ಕೊಟ್ಟಿತು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಸೇರಿಕೊಂಡು 2022ರಲ್ಲಿ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ತಲೆನೋವು, ಅಪಸ್ಮಾರ, ಪಾರ್ಶ್ವವಾಯುಗಳೊಂದಿಗೆ ಇದನ್ನೂ ಗುರುತಿಸಲು ಕಲಿಸುತ್ತಾರೆ.

ಎಷ್ಟು ದಿನಗಳಿಂದ?

ತರಬೇತಿಯಲ್ಲಿ ಮೊದಲು ಹೇಳುವ ಮಾತು, ಮರೆವು ಎಷ್ಟಿದೆ ಎಂದು ಅಳೆಯುವ ಮುಂಚೆ ಎಷ್ಟು ದಿನಗಳಿಂದ ಇದೆ ಎಂದು ಕೇಳಿರಿ ಎಂಬುದು. ನಿನ್ನೆ ಮೊನ್ನೆಯವರೆಗೆ ಸರಿಯಾಗಿದ್ದವರು ಇಂದು ಹಗಲು ರಾತ್ರಿ ತಿಳಿಯದೆ ಬಡಬಡಿಸಿದರೆ, ಒಂದು ಗಳಿಗೆ ಸರಿ, ಇನ್ನೊಂದು ಗಳಿಗೆ ಗೊಂದಲವಾದರೆ, ಅದು ಡಿಮೆನ್ಶಿಯಾ ಅಲ್ಲ. ನಮ್ಮ ಹಿರಿಯರು ಇದನ್ನೇ ಸನ್ನಿ ಎನ್ನುತ್ತಿದ್ದರು. ಮೂತ್ರದ ಸೋಂಕು, ನ್ಯುಮೋನಿಯಾ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿದಿರುವುದು, ಮೂತ್ರ ಕಟ್ಟಿರುವುದು, ಹೊಸದಾಗಿ ಕೊಟ್ಟ ಮಾತ್ರೆ, ಇವುಗಳಲ್ಲಿ ಯಾವುದಾದರೂ ಕಾರಣವಿರಬಹುದು. ಮುದುಕರಿಗೆ ಸೋಂಕಿದ್ದರೂ ಜ್ವರ ಬಾರದೇ ಇರುವುದುಂಟು. ತೋಟಕ್ಕೆ ಕೀಟನಾಶಕ ಹೊಡೆದ ದಿನವೇ ಬೆವರು, ವಾಂತಿ, ಜೊಲ್ಲಿನೊಂದಿಗೆ ಗೊಂದಲ ಕಂಡರೆ ಡಬ್ಬದ ಚೀಟಿಯನ್ನೂ ಕೈಯಲ್ಲಿ ಹಿಡಿದು ಆಸ್ಪತ್ರೆಗೆ ಓಡಬೇಕು. ಇದ್ಯಾವುದಕ್ಕೂ ನಾಳೆ ನೋಡೋಣ ಎನ್ನುವಂತಿಲ್ಲ.

ವಾರಗಳಲ್ಲಿ ಬೆಳೆದ ಮರೆವಾದರೆ ಬಿದ್ದ ಪೆಟ್ಟಿನ ವಿಚಾರ ಬರುತ್ತದೆ. ಪತಿ ಅಥವಾ ಪತ್ನಿ ತೀರಿಹೋದ ನಂತರ ಊಟ ನಿದ್ರೆ ಬಿಟ್ಟು, ಏನು ಕೇಳಿದರೂ "ಗೊತ್ತಿಲ್ಲ" ಎನ್ನುವವರಲ್ಲಿ ಇರುವುದು ಮನಸ್ಸಿನ ಖಿನ್ನತೆಯಾಗಿರಬಹುದು. ಅದಕ್ಕೆ ಚಿಕಿತ್ಸೆ ಇದೆ. ತಿಂಗಳು ವರ್ಷಗಳಲ್ಲಿ ಮೆಲ್ಲಗೆ ಬೆಳೆದದ್ದಾದರೂ ಥೈರಾಯ್ಡ್, ಬಿ-12 ಜೀವಸತ್ವ, ಸೋಡಿಯಂ, ಸಕ್ಕರೆ, ಮೂತ್ರಪಿಂಡದ ರಕ್ತಪರೀಕ್ಷೆ ಮಾಡಿಸದೆ ತೀರ್ಮಾನ ಹೇಳಬಾರದು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತಿನ್ನುವವರಲ್ಲಿ ಬಿ-12 ಕಡಿಮೆಯಾಗುವುದುಂಟು. ಶೀತಕ್ಕೆ ನಾವೇ ಅಂಗಡಿಯಿಂದ ತರುವ ಕೆಲವು ಮಾತ್ರೆಗಳು, ನಿದ್ರೆಯ ಮಾತ್ರೆಗಳು ಕೂಡ ಮುದುಕರ ತಲೆಗೆ ಮಂಕು ಹಿಡಿಸುತ್ತವೆ. ಇನ್ನು ಕಿವಿ. ಅಜ್ಜಿಗೆ ಪ್ರಶ್ನೆ ಕೇಳಿಸದೆ ತಪ್ಪು ಉತ್ತರ ಕೊಟ್ಟರೆ ಅದು ನೆನಪಿನ ದೋಷವೆಂದು ಕಾಗದದಲ್ಲಿ ದಾಖಲಾಗುತ್ತದೆ!

ಯಾವ ಭಾಷೆಯಲ್ಲಿ ಕೇಳಿದಿರಿ?

ನಮ್ಮ ಕಾಸರಗೋಡಿನ ಕಡೆಯವರಿಗೆ ಇದು ಮುಖ್ಯ. ನೆನಪು ಪರೀಕ್ಷಿಸಲು ಲೋಕವೆಲ್ಲ ಬಳಸಿದ ಪ್ರಶ್ನಾವಳಿ 1975ರಲ್ಲಿ ಅಮೆರಿಕದಲ್ಲಿ ತಯಾರಾದದ್ದು. ಇಂದಿನ ತಾರೀಕು ಯಾವುದು, ನೂರರಿಂದ ಏಳೇಳು ಕಳೆಯುತ್ತ ಬನ್ನಿ, ಒಂದು ವಾಕ್ಯ ಬರೆಯಿರಿ, ಈ ಚಿತ್ರ ನೋಡಿ ಬಿಡಿಸಿರಿ ಎಂದೆಲ್ಲ ಅದರಲ್ಲಿದೆ. ಶಾಲೆಯ ಮೆಟ್ಟಿಲು ಹತ್ತದ, ಪೆನ್ಸಿಲು ಹಿಡಿಯದ ಅಜ್ಜಿ ಅದರಲ್ಲಿ ಉತ್ತೀರ್ಣರಾಗುವುದು ಹೇಗೆ? ತಾರೀಕು ತಿಳಿಯದಿದ್ದರೂ ಮೊಂತಿ ಹಬ್ಬಕ್ಕೆ ಇನ್ನೆಷ್ಟು ದಿನ, ಯಾವ ದನ ಎಷ್ಟು ತಿಂಗಳ ಗಬ್ಬ ಎಂದು ಅವರು ಬೆರಳು ಮಡಚಿ ಹೇಳಿಯಾರು. ಅದೇ ವೇಳೆ ಕಾನ್ವೆಂಟಿನಲ್ಲಿ ಟೀಚರಾಗಿದ್ದವರಿಗೆ ಕಾಯಿಲೆ ಶುರುವಾಗಿದ್ದರೂ ಪೂರ್ಣ ಅಂಕ ಬರಬಹುದು.

ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬರಹ ಬಾರದ ಹಿರಿಯರಿಗೆ ಹೊಂದುವಂತೆ ಈ ಪ್ರಶ್ನೆಗಳನ್ನು ಬದಲಿಸಿ ಹಿಂದಿಯಲ್ಲಿ ತಯಾರಿಸಿದ ಪರೀಕ್ಷೆ 1995ರಲ್ಲಿ ಪ್ರಕಟವಾಯಿತು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪರೀಕ್ಷೆಗಳು ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳ ಈ ಐದು ಭಾಷೆಗಳಲ್ಲಿ ಸಿದ್ಧವಾದವು. ಕನ್ನಡವೂ ಮಲಯಾಳವೂ ಇರುವುದು ನಮಗೆ ಒಳ್ಳೆಯದೇ. ಆದರೆ ನಮ್ಮ ಎಷ್ಟೋ ಅಜ್ಜಿಯಂದಿರು ಮನೆಯಲ್ಲಿ ಕೊಂಕಣಿ, ಗದ್ದೆಯಲ್ಲಿ ತುಳು ಆಡಿದವರು. ಕನ್ನಡ ಅವರಿಗೆ ಶಾಲೆಯ ಭಾಷೆ, ಮಲಯಾಳ ಕಚೇರಿಯ ಭಾಷೆ. ಮರೆವಿನ ಕಾಯಿಲೆಯಲ್ಲಿ ತಡವಾಗಿ ಕಲಿತ ಭಾಷೆ ಅನೇಕರಿಗೆ ಮೊದಲು ಕೈಬಿಡುತ್ತದೆ. ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಅಜ್ಜಿ ಸುಮ್ಮನಿದ್ದರೆ, "ಡಾಕ್ಟ್ರೇ, ಇದನ್ನು ತುಳುವಿನಲ್ಲಿ ಕೇಳಬಹುದೇ?" ಎನ್ನಲು ಸಂಕೋಚ ಬೇಡ. ತಿಳಿದ ವೈದ್ಯರು ಇದಕ್ಕೆ ಬೇಸರಿಸುವುದಿಲ್ಲ. ಆದರೆ ಭಾಷಾಂತರ ಮಾಡುವ ಮಗ ಉತ್ತರವನ್ನೂ ತಾನೇ ಸೇರಿಸಿ ಹೇಳಬಾರದು. ಇದು ನಮ್ಮಲ್ಲಿ ಸಾಮಾನ್ಯ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. "ಅಜ್ಜಿ ಜಪಸರ ಪೂರ್ತಿ ಹೇಳುತ್ತಾರೆ, ಒಂದು ಪದ ತಪ್ಪುವುದಿಲ್ಲ, ಅವರ ನೆನಪಿಗೆ ಏನಾಗಿದೆ?" ಎಂದು ಹಲವರು ನಮ್ಮನ್ನು ಕೇಳಿದ್ದಾರೆ. ಬಾಲ್ಯದಿಂದ ದಿನವೂ ಬಾಯಲ್ಲಿ ಆಡಿದ್ದು ಕೊನೆಯವರೆಗೂ ಉಳಿಯುತ್ತದೆ. ಮೊದಲು ಹೋಗುವುದು ಹೊಸ ನೆನಪು: ಬೆಳಿಗ್ಗೆ ಯಾರು ಬಂದರು, ತಿಂಡಿ ತಿಂದೆನೋ ಇಲ್ಲವೋ ಎಂಬುದು.

ಆದ್ದರಿಂದಲೇ ಹೊಸ ತರಬೇತಿಗಳಲ್ಲಿ ಮನೆಯವರ ಮಾತಿಗೆ ಅರ್ಧ ಬೆಲೆ ಕೊಡುತ್ತಾರೆ. ಮೊದಲು ತಾವೇ ಮಾಡುತ್ತಿದ್ದ ಯಾವ ಕೆಲಸ ಈಗ ಆಗುತ್ತಿಲ್ಲ ಎಂದು ವೈದ್ಯರು ಕೇಳುತ್ತಾರೆ. ನೀವು ಹೊರಡುವ ಮುಂಚೆ ಒಂದು ಕಾಗದದಲ್ಲಿ ಬರೆದುಕೊಳ್ಳಿರಿ: ಮೊದಲ ಬದಲಾವಣೆ ಯಾವಾಗ ಕಂಡಿತು, ಸಾರಿಗೆ ಉಪ್ಪು ಎರಡು ಸಲ ಬಿತ್ತೇ, ಪಂಪು ನಿಲ್ಲಿಸಲು ಮರೆತರೇ, ಗೊತ್ತಿದ್ದ ದಾರಿ ತಪ್ಪಿತೇ, ಬಿದ್ದದ್ದುಂಟೇ. ತಿನ್ನುವ ಎಲ್ಲ ಮಾತ್ರೆಗಳನ್ನು, ಕಷಾಯ ಲೇಹ್ಯಗಳನ್ನು ಸಹ, ಒಂದು ಚೀಲದಲ್ಲಿ ಹಾಕಿ ಒಯ್ಯಿರಿ. ಮನೆಯ ಮಕ್ಕಳನ್ನೂ ಕೇಳಿರಿ.

ಈ ಕೆಲಸ ವೈದ್ಯರೊಬ್ಬರದೇ ಅಲ್ಲ ಎಂಬುದಕ್ಕೆ ಎರಡು ನಿದರ್ಶನಗಳಿವೆ. ತೃಶೂರಿನ ಕಡೆ ಊರಿನ ಆರೋಗ್ಯ ಕಾರ್ಯಕರ್ತೆಯರಿಗೆ ಸ್ವಲ್ಪ ಹೊತ್ತಿನ ತರಬೇತಿ ಕೊಟ್ಟು ಮನೆಮನೆಯಲ್ಲಿ ಇಂಥವರನ್ನು ಗುರುತಿಸಲು ಹೇಳಿದಾಗ, ಅವರು ಗುರುತಿಸಿದವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಮಂದಿಗೆ ಡಿಮೆನ್ಶಿಯಾ ಇದ್ದದ್ದು ತಜ್ಞರ ಪರೀಕ್ಷೆಯಲ್ಲಿ ಖಚಿತವಾಯಿತು. ಇದು 2002ರಲ್ಲಿ ಪ್ರಕಟವಾದ ವರದಿ. ಗೋವಾದಲ್ಲಿ ತರಬೇತಿ ಪಡೆದ ಸ್ಥಳೀಯ ಸಲಹೆಗಾರರು 81 ಮನೆಗಳ ಪೈಕಿ ಅರ್ಧದಷ್ಟು ಮನೆಗಳಿಗೆ ಹೋಗಿ ಆರೈಕೆಯ ವಿಧಾನ ತಿಳಿಸಿಕೊಟ್ಟರು. ಆ ಮನೆಗಳಲ್ಲಿ ನೋಡಿಕೊಳ್ಳುವವರ ಮನಸ್ಸಿನ ಸ್ವಾಸ್ಥ್ಯ ಸುಧಾರಿಸಿತೆಂದು 2008ರಲ್ಲಿ ಪ್ರಕಟವಾಯಿತು. ನೋಡಿಕೊಳ್ಳುವವರು ಎಂದರೆ ನಮ್ಮ ಕಡೆ ಹೆಚ್ಚಾಗಿ ಸೊಸೆ. ಅವಳನ್ನು ಹೇಗಿದ್ದೀ ಎಂದು ಕೇಳುವವರು ಕಡಿಮೆ.

ಮದ್ದು ಮತ್ತು ಜಾಗ್ರತೆ

ಪರೀಕ್ಷೆಯೆಲ್ಲ ಮುಗಿದು ಡಿಮೆನ್ಶಿಯಾ ಎಂದೇ ತೀರ್ಮಾನವಾದರೆ, ಪೂರ್ಣ ಗುಣಪಡಿಸುವ ಮದ್ದು ಇಲ್ಲ ಎಂದು ಸ್ಪಷ್ಟವಾಗಿ ಹೇಳಬೇಕಾಗುತ್ತದೆ. ಇರುವ ಮಾತ್ರೆಗಳಿಂದ ಕೆಲವರಿಗೆ ಕೆಲ ಕಾಲ ಸ್ವಲ್ಪ ಪ್ರಯೋಜನವಾಗುತ್ತದೆ. 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಪಡೆದ ಲೆಕಾನೆಮಾಬ್ ಎಂಬ ಚುಚ್ಚುಮದ್ದು ಆಲ್ಝೈಮರ್ ರೋಗದ ಆರಂಭದ ಹಂತದವರಿಗೆ ಮಾತ್ರ. ರೋಗವನ್ನು ತುಸು ನಿಧಾನಗೊಳಿಸುತ್ತದೆ, ಮಿದುಳಿನಲ್ಲಿ ಬಾವು, ರಕ್ತಸ್ರಾವದ ಅಪಾಯವೂ ಇದೆ. ರಾತ್ರಿ ಗಲಾಟೆ ಮಾಡುತ್ತಾರೆಂದು "ಒಂದು ಮಲಗುವ ಮಾತ್ರೆ ಕೊಡಿ" ಎಂದು ನಾವೇ ಡಾಕ್ಟರರನ್ನು ಒತ್ತಾಯಿಸುವುದುಂಟು. ಹಾಗೆ ಕೊಡುವ ಮಾನಸಿಕ ರೋಗದ ಕೆಲವು ಮಾತ್ರೆಗಳಿಂದ ಇವರಲ್ಲಿ ಪಾರ್ಶ್ವವಾಯು ಮತ್ತು ಸಾವಿನ ಅಪಾಯ ಹೆಚ್ಚುತ್ತದೆ ಎಂದು ತರಬೇತಿಗಳಲ್ಲಿ ಒತ್ತಿ ಹೇಳುತ್ತಾರೆ. ಮೊದಲು ಹೊಟ್ಟೆ ಕಟ್ಟಿದೆಯೇ, ಎಲ್ಲಾದರೂ ನೋವಿದೆಯೇ, ಕೋಣೆಯಲ್ಲಿ ಕತ್ತಲೆಯೇ ಎಂದು ನೋಡಬೇಕು.

ನಡುಪ್ರಾಯದವರಿಗೂ ಒಂದು ಮಾತು. ರಕ್ತದೊತ್ತಡ, ಸಕ್ಕರೆ, ಬೀಡಿ, ಕುಡಿತ, ಮಂದವಾದ ಕಿವಿ, ಚಿಕಿತ್ಸೆಯಿಲ್ಲದ ಕಣ್ಣಿನ ಪೊರೆ ಮುಂತಾದ 14 ಕಾರಣಗಳನ್ನು ಸರಿಪಡಿಸಿದರೆ ಲೋಕದ ಡಿಮೆನ್ಶಿಯಾದಲ್ಲಿ ಶೇಕಡಾ 45ರಷ್ಟನ್ನು ತಡೆಯಲು ಅಥವಾ ಮುಂದೂಡಲು ಸಾಧ್ಯವಿದೆ ಎಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಸಮಿತಿ 2024ರಲ್ಲಿ ಅಂದಾಜು ಮಾಡಿದೆ.

ಜಾಗದ ಪಾಲು, ವೀಲುನಾಮೆ ಮುಂತಾದವನ್ನು ಹಿರಿಯರ ಬುದ್ಧಿ ತಿಳಿಯಾಗಿರುವಾಗಲೇ ಅವರ ಇಷ್ಟದಂತೆ ಮಾಡಿಸಿರಿ. ತಿಳಿವಿಲ್ಲದವರ ಹೆಬ್ಬೆಟ್ಟು ಒತ್ತಿಸಿದ ಕಾಗದ ಕೋರ್ಟಿನಲ್ಲಿ ನಿಲ್ಲುವುದಿಲ್ಲ, ನಿಲ್ಲಲೂಬಾರದು. ಕಟ್ಟೆಯಿಲ್ಲದ ಬಾವಿಗೆ ಕಟ್ಟೆ ಕಟ್ಟಿರಿ. ಸುರಂಗದ ಬಾಯಿಗೆ, ಕೆರೆಯ ದಾರಿಗೆ ತಡಮೆ ಇರಲಿ. ಇಲಿ ಪಾಷಾಣ, ಕಳೆನಾಶಕ, ಮೈಲುತುತ್ತು ಬೀಗದೊಳಗೆ ಇರಬೇಕು. ಕಳೆದ ಸಂಚಿಕೆ ಓದಿ ಮೈಲುತುತ್ತು ತಂದಿಟ್ಟವರು ಈಗಲೇ ಎದ್ದು ನೋಡಿರಿ: ಮಂದ ಕಣ್ಣಿಗೆ ಅದರ ಹರಳು ಕಲ್ಲುಸಕ್ಕರೆಯಂತೆಯೇ ಕಾಣುತ್ತದೆ.

ಸಲಹೆ ಬೇಕಾದವರು ಸರಕಾರದ ಹಿರಿಯರ ಸಹಾಯವಾಣಿ 14567ಕ್ಕೆ, ಮಾನಸಿಕ ಆರೋಗ್ಯದ ಟೆಲಿ-ಮಾನಸ್ 14416ಕ್ಕೆ ಉಚಿತವಾಗಿ ಫೋನ್ ಮಾಡಬಹುದು. ಮುಂದಿನ ಸಂಚಿಕೆಯಲ್ಲಿ ಕಾಳುಮೆಣಸಿನ ಸೊರಗು ರೋಗದ ಬಗ್ಗೆ ಬರೆಯಲಿದ್ದೇವೆ.