ಥೈರಾಯ್ಡ್ ಗುಳಿಗೆ: ಪ್ರಮಾಣ ಬದಲಿಸುವ ಮುನ್ನ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳಿಂದ ಚಿಕಿತ್ಸೆಗೆ ಬರುವ ತಾಯಂದಿರಲ್ಲಿ ಅನೇಕರು ಕೇಳುವುದುಂಟು: “ಥೈರಾಯ್ಡ್ ಗುಳಿಗೆ ಬಿಟ್ಟು ನಿಮ್ಮ ಚೂರ್ಣವನ್ನಷ್ಟೇ ಸೇವಿಸಿದರೆ ಸಾಲದೇ?” ಆಯುರ್ವೇದ ವೈದ್ಯನಾಗಿಯೇ ಹೇಳುತ್ತೇನೆ, ಸಾಲದು. ಗ್ರಂಥಿಯು ಸ್ರವಿಸಲಾರದ ಥೈರಾಕ್ಸಿನ್ ರಸವನ್ನು ಗುಳಿಗೆ ತುಂಬಿಕೊಡುತ್ತದೆ. ಆ ಸ್ಥಾನವನ್ನು ಚೂರ್ಣವು ತುಂಬಲಾರದು.

ಗುಳಿಗೆಯಲ್ಲಿ ಪ್ರಾಣಿಯ ಅಂಶವಿದೆಯೆಂಬ ಶಂಕೆ ಕೆಲವರಿಗಿದೆ. 1891ರಲ್ಲಿ ಇಂಗ್ಲೆಂಡಿನ ವೈದ್ಯ ಜಾರ್ಜ್ ಮರ್ರೆ ಕುರಿಯ ಗ್ರಂಥಿಯ ಸಾರದಿಂದ ಈ ರೋಗಕ್ಕೆ ಚಿಕಿತ್ಸೆ ಮಾಡಿದ್ದು ನಿಜ. ಆದರೆ ಇಂದಿನ ಲಿವೋಥೈರಾಕ್ಸಿನ್ ರಾಸಾಯನಿಕವಾಗಿ ಸಂಯೋಜಿಸಿದ ಔಷಧ. ಪ್ರಾಣಿಯ ಗ್ರಂಥಿಯಿಂದ ತೆಗೆದುದಲ್ಲ.

ರಕ್ತಪರೀಕ್ಷೆಯ ಅಂಕಿಯನ್ನು ತಿರುವುಮುರುವಾಗಿ ಓದುವುದೇ ದೊಡ್ಡ ತಪ್ಪು. ಟಿ.ಎಸ್.ಎಚ್. ಎಂಬುದು ಮೆದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯು ಥೈರಾಯ್ಡಿಗೆ ಕಳುಹಿಸುವ ಪ್ರಚೋದನೆ. ಥೈರಾಕ್ಸಿನ್ ಕಡಿಮೆಯಾದಷ್ಟೂ ಅದು ಏರುತ್ತದೆ. ಆದ್ದರಿಂದ ಚಿಕಿತ್ಸೆಯಲ್ಲಿರುವವರಿಗೆ ಅಂಕಿ ಏರಿದೆಯೆಂದರೆ ಔಷಧ ಸಾಲುತ್ತಿಲ್ಲವೆಂದೂ, ತೀರ ಇಳಿದಿದೆಯೆಂದರೆ ಔಷಧ ಹೆಚ್ಚಾಗಿದೆಯೆಂದೂ ಸಾಮಾನ್ಯವಾಗಿ ಅರ್ಥ.

ಸಿಂದಗಿ ಕಡೆಯ ಸಹೋದರಿಯೊಬ್ಬರು ಹತ್ತು ದಿನವಾದರೂ ಆಯಾಸ ಹೋಗಲಿಲ್ಲವೆಂದು ತಾವಾಗಿಯೇ ಗುಳಿಗೆಯನ್ನು ಇಮ್ಮಡಿ ಮಾಡಿಕೊಂಡಿದ್ದರು. ಎದೆಬಡಿತ, ನಡುಕ, ನಿದ್ರಾನಾಶಗಳಿಂದ ಬಳಲುತ್ತ ಬಂದರು. ಈ ಔಷಧವು ಅರ್ಧದಷ್ಟು ಕರಗಲು ಸುಮಾರು 7 ದಿನ ಬೇಕು. ಹೊಸ ಪ್ರಮಾಣವು ದೇಹದಲ್ಲಿ ನೆಲೆಗೊಂಡು ಟಿ.ಎಸ್.ಎಚ್. ಸ್ಥಿರವಾಗಲು 6ರಿಂದ 8 ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ಕಾದು, ಮರುಪರೀಕ್ಷೆ ಮಾಡಿಸಿಯೇ ವೈದ್ಯರು ಪ್ರಮಾಣವನ್ನು ತಿದ್ದುತ್ತಾರೆ. ದೀರ್ಘಕಾಲ ಅತಿಯಾದರೆ ಹೃದಯದ ಲಯ ಕೆಡುತ್ತದೆ, ಮೂಳೆ ಸವೆಯುತ್ತದೆ.

ಪ್ರಮಾಣ ಹೆಚ್ಚಿಸುವ ಮೊದಲು ಸೇವನೆಯ ಕ್ರಮವನ್ನು ಪರಿಶೀಲಿಸಬೇಕು. ಬರಿಹೊಟ್ಟೆಯಲ್ಲಿ ನೀರಿನೊಡನೆ ನುಂಗಿ, ಅರ್ಧದಿಂದ ಒಂದು ಗಂಟೆಯ ಬಳಿಕವೇ ಚಹಾ, ಉಪಾಹಾರ. ಕ್ಯಾಲ್ಸಿಯಂ, ಕಬ್ಬಿಣಾಂಶದ ಗುಳಿಗೆಗಳಿಗೆ 4 ಗಂಟೆಗಳ ಅಂತರವಿರಲಿ. ಇಷ್ಟಲಿಂಗ ಪೂಜೆಗೆ ಮುನ್ನ ನೀರನ್ನೂ ಸ್ವೀಕರಿಸದವರು ವೈದ್ಯರಿಗೆ ತಿಳಿಸಿ, ರಾತ್ರಿ ಊಟವಾಗಿ 3 ಗಂಟೆಯ ನಂತರ, ಮಲಗುವಾಗ ಸೇವಿಸಬಹುದು. ಉಪವಾಸದ ದಿನವೆಂದು ಗುಳಿಗೆ ತಪ್ಪಿಸಬಾರದು. ಕೂದಲಿಗಾಗಿ ಬಯೋಟಿನ್ ಸೇವಿಸುವವರು ಪರೀಕ್ಷೆಗೆ ಕನಿಷ್ಠ 2 ದಿನ ಮೊದಲು ಅದನ್ನು ನಿಲ್ಲಿಸಬೇಕು. ಇಲ್ಲವಾದರೆ ಅಂಕಿ ತಪ್ಪಾಗಿ ಬರಬಹುದು.

ಗರ್ಭಿಣಿಯರಿಗೆ ಮಾತ್ರ ಈ ಕಾಯುವಿಕೆ ಸಲ್ಲದು. ಗರ್ಭ ನಿಂತಿದೆಯೆಂದು ತಿಳಿದೊಡನೆ ವೈದ್ಯರನ್ನು ಕಾಣಬೇಕು. ಆಗ ಔಷಧದ ಅಗತ್ಯ ಹೆಚ್ಚುತ್ತದೆ. ಮೊದಲ ತಿಂಗಳುಗಳಲ್ಲಿ ಶಿಶುವಿನ ಮೆದುಳಿನ ಬೆಳವಣಿಗೆ ತಾಯಿಯ ಥೈರಾಕ್ಸಿನ್ನನ್ನೇ ಅವಲಂಬಿಸಿರುತ್ತದೆ. ವೃದ್ಧರಿಗೂ ಹೃದ್ರೋಗಿಗಳಿಗೂ ಇದಕ್ಕೆ ವಿರುದ್ಧವಾಗಿ 12.5 ಅಥವಾ 25 ಮೈಕ್ರೋಗ್ರಾಂನಿಂದ ಆರಂಭಿಸಿ ನಿಧಾನವಾಗಿ ಏರಿಸುವುದು ಕ್ರಮ.

ಕಾಂಚನಾರ ಗುಗ್ಗುಳುವನ್ನಾಗಲಿ ಅಶ್ವಗಂಧವನ್ನಾಗಲಿ ಸೇವಿಸುವವರು ಗುಳಿಗೆ ಬರೆದ ವೈದ್ಯರಿಂದ ಅದನ್ನು ಮುಚ್ಚಿಡಬಾರದು. ಅಶ್ವಗಂಧವು ಥೈರಾಯ್ಡ್ ರಸದ ಮಟ್ಟವನ್ನು ಏರಿಸಬಲ್ಲದು. ಅಡುಗೆಗೆ ಅಯೋಡಿನ್‌ಯುಕ್ತ ಉಪ್ಪು ಸಾಕು, ಬೇರೆ ಅಯೋಡಿನ್ ಗುಳಿಗೆ ಬೇಡ.

ಪಥ್ಯ, ವ್ಯಾಯಾಮ, ಸಕಾಲ ನಿದ್ರೆಗಳು ದೇಹಕ್ಕೆ ಬಲ ಕೊಡುತ್ತವೆ. ಗುಳಿಗೆಯ ಪ್ರಮಾಣವನ್ನು ಮಾತ್ರ ನೆರೆಹೊರೆಯವರ ಮಾತಿನಿಂದಲ್ಲ, ರಕ್ತಪರೀಕ್ಷೆಯಿಂದ ನಿರ್ಧರಿಸೋಣ. ಶರಣಾರ್ಥಿ.