ಬೀಗ ಹಾಕುವ ಮುನ್ನ

ಮನೆಗೆ ಬೀಗ ಹಾಕಿಕೊಂಡು ಪರಊರಿಗೆ ಹೊರಡುವುದು ನಮಗೆ ಹೊಸದಲ್ಲ. ಆದರೆ ಮರಳಿ ಬಂದಾಗ ಆ ಮನೆ ಇರುವುದೋ ಇಲ್ಲವೋ ಎಂದು ತಿಳಿಯದೆ ಬೀಗ ಹಾಕುವುದು ಬೇರೆಯೇ ಮಾತು. 2022ರ ಸೆಪ್ಟೆಂಬರ್ ತಿಂಗಳ ಕೊನೆಯ ವಾರ, ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಮಗನ ಮನೆಯಲ್ಲಿದ್ದಾಗ, ಅಂತಹ ಬೀಗವೊಂದನ್ನು ಹಾಕುವುದನ್ನು ನಾನು ಕಣ್ಣಾರೆ ಕಂಡೆನು.

ಅಟ್ಲಾಂಟಿಕ್ ಸಾಗರದಲ್ಲಿ ಏಳುವ ಚಂಡಮಾರುತವನ್ನು ಅಲ್ಲಿ ‘ಹರಿಕೇನ್’ ಎನ್ನುತ್ತಾರೆ. ನಮ್ಮ ಬಂಗಾಳ ಕೊಲ್ಲಿಯ ಚಂಡಮಾರುತವೂ ಇದೇ ಜಾತಿಯದು. ಬಿಸಿಯಾದ ಕಡಲ ನೀರಿನಿಂದ ಶಕ್ತಿ ಹೀರಿ ಬೆಳೆಯುವ ಈ ಸುಳಿಗಾಳಿಯ ವೇಗ ಗಂಟೆಗೆ 119 ಕಿಲೋಮೀಟರ್ ಮುಟ್ಟಿದಾಗ ಅದಕ್ಕೆ ಆ ಹೆಸರು ಸಲ್ಲುತ್ತದೆ. ಆಗ ಬರುತ್ತಿದ್ದುದರ ಹೆಸರು ಇಯಾನ್. ಅದು ಟ್ಯಾಂಪಾ ಕೊಲ್ಲಿಯತ್ತ ತಿರುಗಬಹುದೆಂದು ಹವಾಮಾನ ತಜ್ಞರು ಹೇಳುತ್ತಿದ್ದರು. ಕಡಲಿಗೆ ಸಮೀಪದ ತಗ್ಗು ಪ್ರದೇಶವಾದ ‘ಎ’ ವಲಯದವರು ಮನೆ ತೆರವು ಮಾಡಬೇಕೆಂದು 26ರಂದು ಆಜ್ಞೆಯಾಯಿತು. ನಮ್ಮದು ಅದೇ ವಲಯ.

“ಅಪ್ಪಾ, ನೀವು ಔಷಧಿ, ಕನ್ನಡಕ, ಪಾಸ್‌ಪೋರ್ಟು ಮೂರನ್ನೂ ಕೈಚೀಲದಲ್ಲಿ ಇಟ್ಟುಕೊಳ್ಳಿ. ಉಳಿದುದನ್ನು ನಾವು ನೋಡಿಕೊಳ್ಳುತ್ತೇವೆ” ಎಂದು ಮಗ ಕೆಲಸಕ್ಕೆ ತೊಡಗಿದನು.

ಮೊದಲು ಅಂಗಳ ಬರಿದಾಯಿತು. ಕುರ್ಚಿ, ಹೂವಿನ ಕುಂಡ, ಕಸದ ಡಬ್ಬಿ ಎಲ್ಲವೂ ಒಳಕ್ಕೆ ಬಂದವು. ಬಿರುಗಾಳಿಯ ಕೈಗೆ ಸಿಕ್ಕಿದ ಹೂಕುಂಡ ಫಿರಂಗಿಯ ಗುಂಡಿಗೆ ಸಮಾನ. ಬಳಿಕ ಕಿಟಕಿಗಳ ಸರದಿ. ಪ್ರತಿ ಕಿಟಕಿಯ ಅಳತೆಗೂ ಕೊಯ್ದು, ಸಂಖ್ಯೆ ಬರೆದು ಇರಿಸಿದ್ದ ಪ್ಲೈವುಡ್ ಹಲಗೆಗಳನ್ನು ಹೊರಗಿನಿಂದ ತಿರುಪು ಹಾಕಿ ಬಿಗಿದನು. ಬೀದಿಯಲ್ಲಿ ಕೆಲವರು ಗಾಜಿನ ಮೇಲೆ ಅಂಟುಪಟ್ಟಿಯನ್ನು ಅಡ್ಡಡ್ಡ ಹಚ್ಚುತ್ತಿದ್ದರು. ಇದರಿಂದ ಗಾಜು ಒಡೆಯುವುದು ನಿಲ್ಲುವುದಿಲ್ಲ. ಒಡೆದ ಚೂರುಗಳು ಇನ್ನಷ್ಟು ದೊಡ್ಡವಾಗಿ ಹಾರುವುವು, ಅಷ್ಟೆ. ಒಳಗಿನ ಒತ್ತಡ ಇಳಿಯಲೆಂದು ಒಂದು ಕಿಟಕಿಯನ್ನು ತೆರೆದಿಡಬೇಕೆಂಬ ಮಾತೂ ಉಂಟು. ಅದು ಇನ್ನೂ ಅಪಾಯಕರ. ಗಾಳಿ ಒಳನುಗ್ಗಿತೆಂದರೆ ಛಾವಣಿಯನ್ನು ಕೆಳಗಿನಿಂದ ಮೇಲಕ್ಕೆತ್ತುತ್ತದೆ. 1992ರ ಆಗಸ್ಟ್‌ನಲ್ಲಿ ಆಂಡ್ರೂ ಚಂಡಮಾರುತ ಮಯಾಮಿಯ ದಕ್ಷಿಣಕ್ಕೆ ಬಡಿದಾಗ ಎಷ್ಟೋ ಮನೆಗಳಲ್ಲಿ ಮೊದಲು ಸೋತದ್ದು ಗ್ಯಾರೇಜಿನ ಅಗಲವಾದ ಬಾಗಿಲು. ಅದರ ಹಿಂದೆಯೇ ಛಾವಣಿ ಹೋಯಿತು. ಆದುದರಿಂದ ಮಗ ಆ ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿಗಳನ್ನು ಬಿಗಿದನು.

ಸೊಸೆ ಒಳಗಿನ ಕೆಲಸ ವಹಿಸಿಕೊಂಡಳು. ವಿಮೆಯವರಿಗೆ ತೋರಿಸಲು ಪ್ರತಿ ಕೋಣೆಯ ಚಿತ್ರ ತೆಗೆದಳು. ಪತ್ರಗಳನ್ನು ನೀರು ತಾಗದ ಚೀಲಕ್ಕೆ ಸೇರಿಸಿದಳು. ಫ್ರಿಜ್ಜೊಂದನ್ನು ಬಿಟ್ಟು ಉಳಿದ ಉಪಕರಣಗಳ ಪ್ಲಗ್ಗುಗಳನ್ನು ಕಿತ್ತಳು. ಫ್ರೀಜರಿನಲ್ಲಿ ಒಂದು ಲೋಟ ನೀರಿಟ್ಟು, ಅದು ಹೆಪ್ಪುಗಟ್ಟಿದ ಮೇಲೆ ಮೇಲೊಂದು ನಾಣ್ಯವನ್ನಿಟ್ಟಳು. “ಇದೇನಮ್ಮ, ಹರಕೆಯೇ?” ಎಂದೆ. ಅವಳು ನಕ್ಕು, “ಅಲ್ಲ ಮಾವ. ಬಂದಾಗ ನಾಣ್ಯ ತಳದಲ್ಲಿದ್ದರೆ ವಿದ್ಯುತ್ತು ಬಹಳ ಹೊತ್ತು ಹೋಗಿತ್ತು, ಮಂಜು ಕರಗಿ ಮತ್ತೆ ಗಟ್ಟಿಯಾಗಿದೆ ಎಂದು ಅರ್ಥ. ಆಗ ಒಳಗಿನ ಆಹಾರವನ್ನು ಎಸೆಯಬೇಕು” ಎಂದಳು. ಊರಿನಿಂದ ನಾನು ಹೊತ್ತು ತಂದಿದ್ದ ಮಾವಿನ ಮಿಡಿ ಉಪ್ಪಿನಕಾಯಿಯ ಜಾಡಿ ಎಲ್ಲಕ್ಕಿಂತ ಎತ್ತರದ ಕಪಾಟನ್ನೇರಿತು.

ಇಷ್ಟೆಲ್ಲ ಭದ್ರಪಡಿಸಿದ ಮೇಲೆ ಒಳಗೇ ಇರಬಾರದೇಕೆ ಎಂದು ನಿಮಗೆ ಅನಿಸಬಹುದು. ನನಗೂ ಅನಿಸಿತು. ಹಲಗೆಗಳು ತಡೆಯುವುದು ಗಾಳಿಯನ್ನು, ಕಡಲನ್ನಲ್ಲ. ಚಂಡಮಾರುತ ತನ್ನ ಮುಂದೆ ಕಡಲ ನೀರನ್ನು ಗುಡ್ಡೆಯಾಗಿ ತಳ್ಳಿಕೊಂಡು ಬರುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್ನು. ಗಾಳಿಗೆ ಅಡಗಬೇಕು, ನೀರಿಗೆ ಓಡಬೇಕು ಎಂಬುದು ಆ ಸೀಮೆಯ ರೂಢಿಯ ಮಾತು. 2017ರಲ್ಲಿ ಹಾರ್ವೆ ಚಂಡಮಾರುತ ಸಮೀಪಿಸಿದಾಗ ಟೆಕ್ಸಾಸಿನ ರಾಕ್‌ಪೋರ್ಟ್ ಪಟ್ಟಣದ ಅಧಿಕಾರಿಯೊಬ್ಬರು, ಮನೆ ಬಿಡಲೊಲ್ಲದವರು ತಮ್ಮ ತೋಳಿನ ಮೇಲೆ ಹೆಸರನ್ನು ಬರೆದುಕೊಳ್ಳಲಿ ಎಂದರು. ಹೆಣದ ಗುರುತು ಹಿಡಿಯಲು!

ಪಕ್ಕದ ಮನೆಯಲ್ಲಿ ಒಬ್ಬ ವೃದ್ಧೆ, ಅವರ ಜೊತೆಗೊಂದು ಮುದಿ ನಾಯಿ. ನಾಯಿಯನ್ನು ಬಿಟ್ಟು ಬರಲಾರೆನೆಂದು ಆಕೆ ಹಟ ಹಿಡಿದರು. ಇದು ಆಕೆಯೊಬ್ಬರ ಹಟವಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತ ಬಂದಾಗ ಸಾಕುಪ್ರಾಣಿಗಳಿಗಾಗಿ ಅನೇಕರು ಮನೆಯಲ್ಲಿಯೇ ಉಳಿದರು. ಮರುವರ್ಷ ವಿಪತ್ತಿನ ಯೋಜನೆಗಳಲ್ಲಿ ಸಾಕುಪ್ರಾಣಿಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆಂದು ಅಮೆರಿಕದಲ್ಲಿ ಕಾನೂನೇ ಆಯಿತು. ಸೊಸೆ ವಾದಕ್ಕೆ ನಿಲ್ಲದೆ ನಾಯಿಯನ್ನೆತ್ತಿ ಕಾರಿನಲ್ಲಿ ಕೂರಿಸಿದಳು. ವೃದ್ಧೆ ಗೊಣಗುತ್ತ ಹಿಂದೆ ಬಂದರು.

ಒಳನಾಡಿನ ಒಕಾಲದಲ್ಲಿ ಕನ್ನಡಿಗ ಮಿತ್ರರ ಮನೆಯಲ್ಲಿ ನಾವು ಮೂರು ರಾತ್ರಿ ಕಳೆದೆವು. ಇಯಾನ್ ದಾರಿ ಬದಲಿಸಿ, 28ರಂದು ದಕ್ಷಿಣದ ಫೋರ್ಟ್ ಮಯರ್ಸ್ ಕಡೆಗೆ ಬಡಿಯಿತು. ಗಾಳಿಯ ವೇಗ ಗಂಟೆಗೆ 240 ಕಿಲೋಮೀಟರ್. ಅಲ್ಲಿ ಕಡಲು ಮನೆಗಳನ್ನು ಅಡಿಪಾಯದಿಂದಲೇ ಕೊಚ್ಚಿ ಒಯ್ದಿತು. ಟ್ಯಾಂಪಾ ಕೊಲ್ಲಿಯಲ್ಲಾದರೋ ಗಾಳಿ ನೀರನ್ನು ಹಿಂದಕ್ಕೆ ಸೆಳೆದು, ಕೆಲವು ಗಂಟೆ ಕೆಸರಿನ ತಳವೇ ಕಾಣುತ್ತಿತ್ತು. ಮರಳಿ ಬಂದು ನೋಡಿದರೆ ನಾಣ್ಯ ಮಂಜಿನ ಮೇಲೆಯೇ ಕುಳಿತಿತ್ತು.

“ಸುಮ್ಮನೆ ಅಲೆದಾಡಿಸಿದಿರಿ. ಇನ್ನೊಮ್ಮೆ ನಾನು ಬರುವುದಿಲ್ಲ” ಎಂದರು ವೃದ್ಧೆ. ಹಲಗೆಗಳನ್ನು ಬಿಚ್ಚುತ್ತ ಬೆವರಿಳಿಸುತ್ತಿದ್ದ ಮಗನಲ್ಲಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ನನಗೂ ಆಕೆಯ ಮಾತು ಸರಿಯೆಂದೇ ತೋರಿತು.

ಎರಡು ವರ್ಷಗಳ ಬಳಿಕ, 2024ರ ಸೆಪ್ಟೆಂಬರ್ 26ರಂದು, ಹೆಲೀನ್ ಎಂಬ ಚಂಡಮಾರುತ ಟ್ಯಾಂಪಾವನ್ನು ಮುಟ್ಟದೆ ದೂರದ ಕಡಲಿನಲ್ಲಿ ಉತ್ತರಕ್ಕೆ ಹಾದುಹೋಯಿತು. ಆದರೆ ಅದು ತಳ್ಳಿದ ನೀರು ದಾಖಲೆಯ ಎತ್ತರಕ್ಕೆ ಏರಿ ದಂಡೆಯ ಬೀದಿಗಳಿಗೆ ನುಗ್ಗಿತು. ಮಗ, ಸೊಸೆ ಹಿಂದಿನ ದಿನವೇ ಹೊರಟಿದ್ದರು. ವೃದ್ಧೆ ಹೊರಡಲಿಲ್ಲ. ಇರುಳಿನಲ್ಲಿ ನೀರು ಸೊಂಟದುದ್ದ ಏರಿದಾಗ ನಾಯಿಯನ್ನು ಅವುಚಿಕೊಂಡು ಅಡುಗೆಮನೆಯ ಕಟ್ಟೆಯನ್ನೇರಿ ಕುಳಿತರಂತೆ. ಬೆಳಗಿನ ಜಾವ ದೋಣಿಯವರು ಬಂದು ಕರೆದೊಯ್ದರು.

ಎರಡು ವಾರ ಕಳೆಯುವ ಮೊದಲೇ, ನೆನೆದ ಹಾಸಿಗೆ, ಸೋಫಾಗಳು ಬೀದಿಯಲ್ಲಿ ಇನ್ನೂ ರಾಶಿ ಬಿದ್ದಿರುವಾಗಲೇ, ಮಿಲ್ಟನ್ ಎಂಬ ಮತ್ತೊಂದು ಚಂಡಮಾರುತದ ಎಚ್ಚರಿಕೆ ಬಂದಿತು. ಮಗ ದೂರವಾಣಿಯಲ್ಲಿ ಹೇಳಿದನು: ಅವನು ಕೊನೆಯ ಹಲಗೆಗೆ ತಿರುಪು ಬಿಗಿದು ಇಳಿಯುವಷ್ಟರಲ್ಲಿ, ಆಕೆ ಕಾರಿನ ಹಿಂದಿನ ಸೀಟಿನಲ್ಲಿ ನಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರಂತೆ.